ಹಳೇ ಇಂಜಿನ್ ಕಟ್ಟೋವಾಗ ಯಾವ ಬೋಲ್ಟಿಗೆ ಎಷ್ಟು ಟಾರ್ಕು? ಹುಡುಕೋದು ಹೀಗೆ

ನಮ್ಮ ತುಮಕೂರು ಜಿಲ್ಲೇಲಿ ಹಳೇ ಗಾಡಿಗಳಿಗೇನೂ ಬರ ಇಲ್ಲ. ತಿಪಟೂರು ಕಡೆ ಕೊಬ್ಬರಿ ಗೋಡೌನ್ ಹಿಂದೆ ಟಾರ್ಪಾಲ್ ಹೊದ್ಕೊಂಡು ನಿಂತಿರೋ ಅಂಬಾಸಿಡರ್, ಮಧುಗಿರಿ ಪಾವಗಡ ಕಡೆ ತೋಟದ ಮನೆ ಕೊಟ್ಟಿಗೇಲಿ ಮಹೀಂದ್ರ ಜೀಪು, ಟೌನಲ್ಲಿ ರಿಟೈರ್ ಆದ ಮೇಷ್ಟ್ರ ಮನೆ ಮುಂದೆ ಪದ್ಮಿನಿ, ಹೀಗೆ. ಈಗೀಗ ಮನೆ ಹುಡುಗರಿಗೆ ಅದನ್ನ ಮತ್ತೆ ರೋಡಿಗೆ ಇಳಿಸ್ಬೇಕು ಅನ್ನೋ ಹುಚ್ಚು ಹಿಡಿದಿದೆ, ಒಳ್ಳೇ ಹುಚ್ಚೇ ಬಿಡಿ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ಅಂತಾನೇ ವಿಂಟೇಜ್ ರಿಜಿಸ್ಟ್ರೇಷನ್ ನಿಯಮ ಬೇರೆ ತಂದಿದೆ.

ಇಂಜಿನ್ ಇಳಿಸೋದು, ಬಿಚ್ಚೋದು, ಬೋರಿಂಗು, ಕ್ರ್ಯಾಂಕ್ ಗ್ರೈಂಡಿಂಗು ಇದೆಲ್ಲಾ ಹೇಗೋ ಆಗ್ಬಿಡುತ್ತೆ, ಲೇತ್ ಅಂಗಡಿಯವರು ನೋಡ್ಕೋತಾರೆ. ತಲೆನೋವು ಶುರುವಾಗೋದು ವಾಪಸ್ ಜೋಡಿಸೋ ದಿನ. ಕ್ರ್ಯಾಂಕ್ ಹಿಡ್ಕೊಳ್ಳೋ ಮೈನ್ ಬೇರಿಂಗ್ ಕ್ಯಾಪ್ ಕೂರಿಸಿ ಬೋಲ್ಟ್ ಹಾಕಿ ಕೈಯಲ್ಲಿ ಪಾನಾ ಹಿಡ್ಕೊಂಡು ನಿಂತಾಗ, ಇದನ್ನ ಎಷ್ಟು ಟೈಟ್ ಮಾಡ್ಬೇಕು, ಅಂದ್ರೆ ಎಷ್ಟು ಟಾರ್ಕು (ತಿರುಗಿಸೋ ಬಲ) ಹಾಕ್ಬೇಕು ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಮೇಸ್ತ್ರಿ "ಕೈಗೆ ಗೊತ್ತಾಗುತ್ತೆ ಸಾರ್" ಅಂತಾರೆ, ಫ್ರೆಂಡು ಫೋನಲ್ಲಿ ಯಾವುದೋ ಚಾರ್ಟ್ ಕಳಿಸ್ತಾನೆ, ಇನ್ಯಾರೋ "ನನ್ ಗಾಡಿಗೆ 60 ಹಾಕಿದ್ದೆ, ಏನೂ ಆಗ್ಲಿಲ್ಲ" ಅಂತಾರೆ. 60 ಏನು? ಪೌಂಡ್-ಅಡಿನಾ, ನ್ಯೂಟನ್-ಮೀಟರಾ? ಅವರಿಗೂ ಗೊತ್ತಿರಲ್ಲ.

ನನ್ನ ಪ್ರಕಾರ ನಂಬರ್ ಸಿಗೋದು ಕಷ್ಟ ಏನಲ್ಲ, ಬೇಕಾದಷ್ಟು ನಂಬರ್ ಸಿಗುತ್ತೆ. ಅದರಲ್ಲಿ ನಿಮ್ಮ ಮುಂದೆ ಸ್ಟ್ಯಾಂಡಿನ ಮೇಲೆ ಕೂತಿರೋ ಆ ಇಂಜಿನ್ನಿಗೆ ಸೇರಿದ ನಂಬರ್ ಯಾವುದು ಅಂತ ಗೊತ್ತುಮಾಡ್ಕೊಳ್ಳೋದೇ ಕೆಲಸ.

ಮೊದಲು ಇಂಜಿನ್ ಯಾವುದು ಅಂತ ಗೊತ್ತುಮಾಡ್ಕೊಳ್ಳಿ

ಗಾಡಿ ಹೆಸರು ಹೇಳಿ ಟಾರ್ಕ್ ಹುಡುಕ್ಬೇಡಿ. "ಅಂಬಾಸಿಡರ್ ಹೆಡ್ ಬೋಲ್ಟ್ ಟಾರ್ಕ್" (ಹೆಡ್ ಅಂದ್ರೆ ಬ್ಲಾಕಿನ ಮೇಲೆ ಕೂರೋ ಸಿಲಿಂಡರ್ ಮುಚ್ಚಳ) ಅಂದ್ರೆ ಯಾವ ಅಂಬಾಸಿಡರ್? 1958ರಲ್ಲಿ ಗಾಡಿ ಶುರುವಾದಾಗ ಅದರಲ್ಲಿ ಇದ್ದಿದ್ದು 1476 ಸಿಸಿ ಸೈಡ್ ವಾಲ್ವ್ ಇಂಜಿನ್ನು, ಅದಾದ್ಮೇಲೆ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ 1489 ಸಿಸಿ ಓವರ್‌ಹೆಡ್ ವಾಲ್ವ್ ಬಂತು, ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿರೋದು ಅದೇ. ಅದೇ ಸೈಜಿನ ಡೀಸೆಲ್ ಬೇರೆ ಇತ್ತು. 90ರ ದಶಕದಲ್ಲಿ ಇಸುಜು 1.8 ಲೀಟರ್ ಪೆಟ್ರೋಲ್ ಬಂತು, ಅದು ಜಪಾನ್ ಇಂಜಿನ್ನು, ಮೆಟ್ರಿಕ್ ಬೋಲ್ಟು, ಇದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ಹೊರಗಡೆಯಿಂದ ನೋಡಿದ್ರೆ ಬಾಡಿ ಹೆಚ್ಚುಕಮ್ಮಿ ಒಂದೇ.

ಪದ್ಮಿನಿ ಕಥೆನೂ ಹಾಗೇ. ಅದರ ಮೂಲ ಫಿಯೆಟ್ 1100ಡಿ, ಆ ಹೆಸರಲ್ಲಿ ಹುಡುಕಿದ್ರೆ ಯುರೋಪಿನ ಬುಕ್ ಸಿಗುತ್ತೆ, ಆದ್ರೆ ಅಲ್ಲಿನ 1100ಡಿ 1221 ಸಿಸಿ, ನಮ್ಮ ಪದ್ಮಿನಿ 1089 ಸಿಸಿ. ಅಣ್ಣ ತಮ್ಮ ಇರಬಹುದು, ಆದ್ರೂ ಅಣ್ಣನ ಚಪ್ಪಲಿ ತಮ್ಮನಿಗೆ ಆಗುತ್ತೆ ಅಂತ ಗ್ಯಾರಂಟಿ ಇಲ್ಲ. ಇನ್ನು ಪ್ರೀಮಿಯರ್ 118ಎನ್‌ಇ ಇದೆಯಲ್ಲ, ಅದು ಅದೇ ಕಂಪನಿ ಗಾಡಿಯಾದ್ರೂ ಒಳಗಿರೋದು ನಿಸಾನ್ ಎ12 ಇಂಜಿನ್ನು.

ಜೀಪುಗಳದ್ದು ದೊಡ್ಡ ಪಜೀತಿ. ಸಿಜೆ3ಬಿ ಜೀಪಿಗೆ ಮೂಲದಲ್ಲಿ ಬರ್ತಿದ್ದಿದ್ದು ಹರಿಕೇನ್ ಎಫ್-ಹೆಡ್ ಪೆಟ್ರೋಲ್ ಇಂಜಿನ್ನು, 134 ಕ್ಯೂಬಿಕ್ ಇಂಚು, ಅಂದ್ರೆ ಸುಮಾರು 2.2 ಲೀಟರು. ಆದ್ರೆ ಪೆಟ್ರೋಲ್ ರೇಟು ಏರಿದ ಹಾಗೆ ಹಳ್ಳಿ ಕಡೆ ಎಷ್ಟೋ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿಬಿಟ್ಟಿದಾರೆ, ಕೆಲವಕ್ಕೆ ಪೂಜೋ, ಕೆಲವಕ್ಕೆ ಇಂಟರ್‌ನ್ಯಾಷನಲ್, ಆರ್‌ಸಿ ಬುಕ್ಕಲ್ಲಿ ಮಾತ್ರ ಇನ್ನೂ ಪೆಟ್ರೋಲ್ ಅಂತಾನೇ ಇರೋ ಗಾಡಿಗಳೂ ಸಿಗ್ತವೆ.

ಹಾಗಾಗಿ ಆರ್‌ಸಿ ಬುಕ್ ನಂಬ್ಕೊಂಡು ಕೂರ್ಬೇಡಿ. ಬ್ಲಾಕಿನ ಪಕ್ಕದಲ್ಲಿ ಕೆತ್ತಿರೋ ನಂಬರೋ, ರಿವೆಟ್ ಹೊಡೆದಿರೋ ಪ್ಲೇಟೋ ಇದ್ದೇ ಇರುತ್ತೆ, ಗ್ರೀಸು ಧೂಳು ಮೆತ್ತಿ ಕಾಣಲ್ಲ ಅಷ್ಟೇ. ಸೀಮೆಎಣ್ಣೆ ಹಾಕಿ ಒದ್ದೆ ಮಾಡಿ, ಬ್ರಷ್‌ನಲ್ಲಿ ಮೆತ್ತಗೆ ಉಜ್ಜಿ, ಒಣಗಿದ್ಮೇಲೆ ಮೇಲ್ಗಡೆ ಸೀಮೆಸುಣ್ಣ ಸವರಿ ಕೈಯಲ್ಲಿ ಒರೆಸಿ. ಕೆತ್ತಿದ ಜಾಗದಲ್ಲಿ ಸುಣ್ಣ ಉಳ್ಕೊಂಡು ಅಕ್ಷರ ಬೆಳ್ಳಗೆ ಎದ್ದು ಕಾಣುತ್ತೆ, ಫೋಟೋ ತಕ್ಕೊಳ್ಳಿ. ಗ್ರೈಂಡರ್ ಗಿಂಡರ್ ಹಿಡಿಯೋಕೆ ಹೋಗ್ಬೇಡಿ, ನಂಬರ್ ಅಳಿಸಿ ಹೋದ್ರೆ ಆರ್‌ಟಿಓ ಆಫೀಸಲ್ಲಿ ಉತ್ತರ ಕೊಡ್ಬೇಕಾಗುತ್ತೆ. ಜೊತೆಗೆ ಬ್ಲಾಕ್ ಮೇಲೆ, ಹೆಡ್ ಮೇಲೆ ಎರಕ ಹೊಯ್ಯೋವಾಗಲೇ ಮೂಡಿರೋ ಉಬ್ಬು ನಂಬರೂ ಬರ್ಕೊಳ್ಳಿ, ಯಾಕಂದ್ರೆ ಬ್ಲಾಕ್ ಒಂದು ಗಾಡೀದು ಹೆಡ್ ಇನ್ನೊಂದು ಗಾಡೀದು ಇರೋದು ನಮ್ಮಲ್ಲಿ ಹೊಸದೇನಲ್ಲ. ಬೋರ್ ಅಳತೆ, ಸ್ಟ್ರೋಕ್ ಅಳತೆ ಲೇತ್ ಅಂಗಡಿಯವರ ಹತ್ರಾನೇ ಇಸ್ಕೊಂಡು ಸಿಸಿ ಲೆಕ್ಕ ಹಾಕಿ ನೋಡಿದ್ರೆ ಇನ್ನೂ ಖಾತ್ರಿ. ಒಂದು ಸಲ ಬೋರ್ ಆಗಿರೋ ಇಂಜಿನ್ನಾದ್ರೆ ಸ್ವಲ್ಪ ಜಾಸ್ತಿ ಬರುತ್ತೆ, ಗಾಬರಿ ಬೇಡ.

ಈಗ ಬುಕ್ ಹುಡುಕಿ, ಅದೂ ಸರಿಯಾದ ಬುಕ್ಕು

ಮೂರು ತರ ಬುಕ್ ಇರುತ್ತೆ. ಗಾಡಿ ಜೊತೆ ಕೊಡ್ತಿದ್ದ ಸಣ್ಣ ಓನರ್ಸ್ ಬುಕ್ಕು, ಅದರಲ್ಲಿ ಟಯರ್ ಗಾಳಿ, ಆಯಿಲ್ ಎಷ್ಟು, ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನ ಒತ್ತೋ ರಾಕರಿಗೂ ನಡುವಿನ ಸಂದು) ಎಷ್ಟು ಅಂತೆಲ್ಲ ಇರುತ್ತೆ, ಬೇರಿಂಗ್ ಟಾರ್ಕ್ ಸಿಗೋದು ಕಮ್ಮಿ. ಎರಡನೇದು ಫ್ಯಾಕ್ಟರಿ ವರ್ಕ್‌ಶಾಪ್ ಮ್ಯಾನ್ಯುಯಲ್, ಡೀಲರ್ ಮೆಕ್ಯಾನಿಕ್‌ಗಳಿಗೆ ಅಂತ ಕಂಪನೀನೇ ಮಾಡಿದ್ದು, ನಿಮಗೆ ಬೇಕಿರೋದು ಇದೇ. ಮೂರನೇದು ಹೇನ್ಸ್, ಆಟೋಬುಕ್ಸ್ ತರದವರು ಹೊರಗಡೆ ಮಾಡಿರೋ ರಿಪೇರಿ ಬುಕ್ಕು. ಅದೂ ಪರವಾಗಿಲ್ಲ, ಫ್ಯಾಕ್ಟರಿ ಬುಕ್ ಇದ್ರೆ ಅದೇ ಮೇಲು.

ಅಂಬಾಸಿಡರ್ ಮಾಡಿದ ಹಿಂದೂಸ್ತಾನ್ ಮೋಟರ್ಸ್ ಬುಕ್ ಸಿಗ್ಲಿಲ್ಲ ಅಂತ ಕೈ ಚೆಲ್ಲಿ ಕೂರೋರು ಜಾಸ್ತಿ. ನಮ್ಮ ಹಳೇ ಗಾಡಿಗಳ ಅರ್ಧಕ್ಕರ್ಧ ಇಂಜಿನ್‌ಗಳು ಹೊರಗಡೆ ಹುಟ್ಟಿದ್ದು, ಅಲ್ಲಿ ಅವುಗಳ ಸಂಬಂಧಿಕರು ತುಂಬಾ ಜನ ಇದಾರೆ. ಬಿ-ಸೀರೀಸ್ 1489 ಇಂಜಿನ್ನೇ ತಗೊಳ್ಳಿ, ಅದು ಮೋರಿಸ್ ಆಕ್ಸ್‌ಫರ್ಡ್, ಆಸ್ಟಿನ್ ಕೇಂಬ್ರಿಡ್ಜ್, ಎಂಜಿ ಮ್ಯಾಗ್ನೆಟ್, ಎಂಜಿಎ ಸ್ಪೋರ್ಟ್ಸ್ ಕಾರು, ಅಮೆರಿಕಕ್ಕೆ ಹೋದ ನ್ಯಾಶ್ ಮೆಟ್ರೋಪಾಲಿಟನ್, ಇಷ್ಟರಲ್ಲೂ ಓಡಿದೆ. ಸ್ಟ್ಯಾಂಡರ್ಡ್ ಹೆರಾಲ್ಡ್ ಇದ್ರೆ ಟ್ರಯಂಫ್ ಹೆರಾಲ್ಡ್ 948 ಸಿಸಿ ಬುಕ್ ಹುಡುಕಿ. ಜೀಪಿಗೆ ವಿಲ್ಲಿಸ್ ಯೂನಿವರ್ಸಲ್ ಜೀಪ್ ಸರ್ವಿಸ್ ಮ್ಯಾನ್ಯುಯಲ್, ಅದರಲ್ಲಿ ಎಫ್4-134 ಅಂತ ಇರೋ ಚಾಪ್ಟರ್. ಇವೆಲ್ಲಾ ಇಂಟರ್ನೆಟ್ ಆರ್ಕೈವ್ ತರದ ಜಾಗದಲ್ಲಿ ಸ್ಕ್ಯಾನ್ ಕಾಪಿ ಸಿಗ್ತವೆ, ಬ್ರೂಕ್‌ಲ್ಯಾಂಡ್ಸ್ ಬುಕ್ಸ್‌ನವರು ಎಷ್ಟೋ ಫ್ಯಾಕ್ಟರಿ ಬುಕ್ಕುಗಳನ್ನ ಮತ್ತೆ ಪ್ರಿಂಟ್ ಮಾಡಿದಾರೆ, ದುಡ್ಡು ಕೊಟ್ಟು ತರಿಸ್ಕೋಬಹುದು.

ಪೇಪರ್ ಬುಕ್ಕೇ ಬೇಕು ಅನ್ನೋರು ಬೆಂಗಳೂರಿಗೆ ಹೋದಾಗ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡೀಲಿ ಕೇಳಿ ನೋಡಿ, ಅದೃಷ್ಟ ಇದ್ರೆ ಸಿಗುತ್ತೆ. ಜೆಸಿ ರೋಡಲ್ಲಿ ತಲೆಮಾರುಗಳಿಂದ ಸ್ಪೇರ್ಸ್ ಮಾರೋರ ಹತ್ರ ಪಾರ್ಟ್ಸ್ ಕ್ಯಾಟಲಾಗ್ ಇರುತ್ತೆ. ಅದರಲ್ಲಿ ಟಾರ್ಕ್ ಇರಲ್ಲ, ಆದ್ರೆ ಬೋಲ್ಟಿನ ಪಾರ್ಟ್ ನಂಬರ್ ಇರುತ್ತೆ, ಅದು ಬಹಳ ಉಪಯೋಗಕ್ಕೆ ಬರುತ್ತೆ. ನಿಮ್ಮ ಅಂಬಾಸಿಡರಿನ ಬಿಗ್ ಎಂಡ್ (ಕನೆಕ್ಟಿಂಗ್ ರಾಡು ಕ್ರ್ಯಾಂಕ್ ಹಿಡಿಯೋ ತುದಿ) ಬೋಲ್ಟಿನ ನಂಬರೂ ಮೋರಿಸ್ ಆಕ್ಸ್‌ಫರ್ಡ್ ಕ್ಯಾಟಲಾಗಿನ ನಂಬರೂ ಒಂದೇ ಆದ್ರೆ ಆ ಬುಕ್ಕಿನ ಟಾರ್ಕ್ ನಿಮ್ಮದೇ ಅಂತ ಧೈರ್ಯವಾಗಿ ತಗೋಬಹುದು. ನಂಬರ್ ಬೇರೆ ಅಂದ್ರೆ ಬೋಲ್ಟ್ ಬೇರೆ, ಅಲ್ಲಿಗೆ ನಿಲ್ಲಿಸಿ ಯೋಚನೆ ಮಾಡಿ.

ಬುಕ್ ಸಿಕ್ಕಿದ್ಮೇಲೆ ಎಲ್ಲಿ ನೋಡ್ಬೇಕು ಅನ್ನೋದೂ ಒಂದು ವಿದ್ಯೆ. ಬಿಎಂಸಿ ಬುಕ್ಕಲ್ಲಿ ಜನರಲ್ ಡೇಟಾ ಅಂತ ಒಂದು ಭಾಗ ಇರುತ್ತೆ, ಅದರಲ್ಲಿ ಟಾರ್ಕ್ ರೆಂಚ್ ಸೆಟ್ಟಿಂಗ್ಸ್ ಅಂತ ಹುಡುಕಿ (ಟಾರ್ಕ್ ರೆಂಚ್ ಅಂದ್ರೆ ಎಷ್ಟು ಟಾರ್ಕ್ ಬಿತ್ತು ಅಂತ ತಿಳಿಸೋ ಪಾನಾ). ಹೇನ್ಸ್ ಬುಕ್ಕಲ್ಲಿ ಚಾಪ್ಟರಿನ ಶುರುವಲ್ಲೇ ಇರುತ್ತೆ, ಜೀಪ್ ಬುಕ್ಕಲ್ಲಿ ಸೆಕ್ಷನ್ ಕೊನೇಲಿ. ಫಿಯೆಟ್ ಬುಕ್ ಇಟಾಲಿಯನ್ನಲ್ಲೇ ಸಿಕ್ಕಿದ್ರೆ "ಕೋಪಿಯೆ ದಿ ಸೆರಾಜ್ಜೋ" ಅನ್ನೋ ಹೆಡ್ಡಿಂಗ್ ಹುಡುಕಿ, ಟೇಬಲ್ಲು ಅದರ ಕೆಳಗಿರುತ್ತೆ. ಟೇಬಲ್ ಸಿಕ್ತು ಅಂತ ಅಲ್ಲಿಗೇ ಬುಕ್ ಮುಚ್ಬೇಡಿ, ಆ ಕೆಲಸ ಮಾಡೋ ವಿಧಾನ ಬರೆದಿರೋ ಪೇಜೂ ಓದಿ. ಎಣ್ಣೆ ಹಚ್ಬೇಕಾ, ವಾಷರ್ ಯಾವ ಕಡೆ, ಯಾವ ಆರ್ಡರಲ್ಲಿ ಟೈಟ್ ಮಾಡ್ಬೇಕು ಅನ್ನೋದೆಲ್ಲಾ ಅಲ್ಲಿರುತ್ತೆ, ಟೇಬಲ್ಲಲ್ಲಿ ಇರಲ್ಲ. ತೀರಾ ಹಳೇ, ಎರಡನೇ ಮಹಾಯುದ್ಧಕ್ಕೂ ಮುಂಚಿನ ಗಾಡಿ ಬುಕ್ಕಲ್ಲಿ ಟೇಬಲ್ಲೇ ಇಲ್ದೆ ಬರೀ ಚೆನ್ನಾಗಿ ಬಿಗಿ ಮಾಡಿ ಅಂತ ಬರೆದಿದ್ರೂ ಆಶ್ಚರ್ಯ ಪಡ್ಬೇಡಿ. ಅದಕ್ಕೇನು ಮಾಡ್ಬೇಕು ಅಂತ ಮುಂದೆ ಹೇಳ್ತೀನಿ.

ನಂಬರ್ ಓದೋದು: ಇಲ್ಲೇ ಜಾಸ್ತಿ ಜನ ಎಡವೋದು

ಬ್ರಿಟಿಷ್ ಅಮೆರಿಕನ್ ಬುಕ್ಕಲ್ಲಿ ಪೌಂಡ್-ಅಡಿ, ಫಿಯೆಟ್ಟಿನ ಹಳೇ ಬುಕ್ಕಲ್ಲಿ ಕೆಜಿ-ಮೀಟರ್, ಈಗಿನ ರೆಂಚ್ ಮೇಲೆ ನ್ಯೂಟನ್-ಮೀಟರ್. ನೆನಪಿಟ್ಕೊಳ್ಳೋಕೆ ಎರಡೇ ಲೆಕ್ಕ: 1 ಪೌಂಡ್-ಅಡಿ ಅಂದ್ರೆ 1.356 ನ್ಯೂಟನ್-ಮೀಟರ್, 1 ಕೆಜಿ-ಮೀಟರ್ ಅಂದ್ರೆ 7.23 ಪೌಂಡ್-ಅಡಿ, ಅಂದ್ರೆ 9.8 ನ್ಯೂಟನ್-ಮೀಟರ್.

ಉದಾಹರಣೆಗೆ ಎಂಜಿಎ 1500 ಬುಕ್ಕಲ್ಲಿ ಬಿ-ಸೀರೀಸಿನ ಮೈನ್ ಬೇರಿಂಗಿಗೆ 70 ಪೌಂಡ್-ಅಡಿ, ಬಿಗ್ ಎಂಡಿಗೆ 35, ಹೆಡ್ಡಿಗೆ 50 ಅಂತ ಇದೆ. 70ನ್ನ ನ್ಯೂಟನ್-ಮೀಟರ್ ಮಾಡಿದ್ರೆ ಸುಮಾರು 95, ಕೆಜಿ-ಮೀಟರ್ ಮಾಡಿದ್ರೆ 9.7. ಈಗ ರೆಂಚಲ್ಲಿ ನ್ಯೂಟನ್-ಮೀಟರ್ ಸ್ಕೇಲ್ ನೋಡ್ಕೊಂಡು 70ಕ್ಕೆ ನಿಲ್ಲಿಸಿದ್ರೆ ಕಾಲು ಭಾಗಕ್ಕಿಂತ ಜಾಸ್ತಿ ಕಮ್ಮಿ ಆಯ್ತು, ಕ್ರ್ಯಾಂಕ್ ಹಿಡ್ಕೊಂಡಿರೋ ಕ್ಯಾಪು ಲೂಸು. ಅದೇ ನ್ಯೂಟನ್-ಮೀಟರ್ ನಂಬರನ್ನ ಪೌಂಡ್-ಅಡಿ ಅಂದ್ಕೊಂಡು ಎಳೆದ್ರೆ ಬೋಲ್ಟೇ ಹಿಗ್ಗಿ ಹೋಗುತ್ತೆ.

ಇನ್ನೊಂದು ಇದೆ, ಪೌಂಡ್-ಇಂಚು. ಸಂಪು (ಇಂಜಿನ್ ತಳದ ಆಯಿಲ್ ತಟ್ಟೆ), ಟೈಮಿಂಗ್ ಕವರ್ ತರದ ಸಣ್ಣ ಬೋಲ್ಟುಗಳಿಗೆ ಕೆಲವು ಬುಕ್ಕಲ್ಲಿ ಇದನ್ನ ಕೊಟ್ಟಿರ್ತಾರೆ. 72 ಪೌಂಡ್-ಇಂಚು ಅಂದ್ರೆ ಬರೀ 6 ಪೌಂಡ್-ಅಡಿ, 12ರಿಂದ ಭಾಗಿಸ್ಬೇಕು. ಸಂಪ್ ಬೋಲ್ಟಿಗೆ ಯಾರಾದ್ರೂ 72 ಪೌಂಡ್-ಅಡಿ ಹಾಕೋಕೆ ಹೋದ್ರೆ 20 ದಾಟೋ ಹೊತ್ತಿಗೇ ಬೋಲ್ಟಿನ ತಲೆ ಕೈಗೆ ಬಂದಿರುತ್ತೆ, ಉಳಿದ ಅರ್ಧ ಬ್ಲಾಕ್ ಒಳಗೆ. ಆಮೇಲೆ ಡ್ರಿಲ್ಲು, ಈಜಿ ಔಟು, ಅಂತ ಎರಡು ದಿನದ ಕೆಲಸ.

ಬುಕ್ಕಲ್ಲಿ ಎರಡು ಯೂನಿಟ್ಟಲ್ಲಿ ಕೊಟ್ಟಿದ್ರೆ ನೀವೇ ಗುಣಿಸಿ ನೋಡಿ. 9.7ನ್ನ 7.23ರಿಂದ ಗುಣಿಸಿದ್ರೆ 70 ಬರ್ಬೇಕು. ಬರ್ಲಿಲ್ಲ ಅಂದ್ರೆ ಪ್ರಿಂಟ್ ತಪ್ಪೋ, ಸ್ಕ್ಯಾನ್ ಮಾಡಿದಾಗ ಚುಕ್ಕಿ ಅಳಿಸಿದೆಯೋ ಅಂತ ಅರ್ಥ. ಮಸುಕಾದ ಪಿಡಿಎಫ್‌ಗಳಲ್ಲಿ 3 ಹೋಗಿ 8 ಆಗಿರುತ್ತೆ, 5 ಹೋಗಿ 6 ಆಗಿರುತ್ತೆ, ಇದೊಂದು ಲೆಕ್ಕದಲ್ಲಿ ಗೊತ್ತಾಗಿಬಿಡುತ್ತೆ.

ಎರಡನೇ ಸಾಕ್ಷಿ ಬೇಕೇ ಬೇಕು. ಒಂದು ಫ್ಯಾಕ್ಟರಿ ಬುಕ್ಕು, ಇನ್ನೊಂದು ಹೊರಗಿನವರ ಬುಕ್ಕು, ಎರಡೂ ಒಂದೇ ಹೇಳಿದ್ರೆ ಸರಿ. ವ್ಯತ್ಯಾಸ ಇದ್ರೆ ಯಾಕೆ ಅಂತ ಹುಡುಕಿ, ಸಾಮಾನ್ಯವಾಗಿ ಒಂದು ಕಾರಣ ಇರುತ್ತೆ. ಇದೇ ಬಿ-ಸೀರೀಸ್ ದೊಡ್ಡದಾಗಿ ಎಂಜಿಬಿಗೆ 1798 ಸಿಸಿ ಆದಾಗ ಅದರ ಬುಕ್ಕಲ್ಲಿ ಹೆಡ್ಡಿಗೆ 45ರಿಂದ 50, ಬಿಗ್ ಎಂಡಿಗೆ 35ರಿಂದ 40 ಅಂತ ಬರೆದಿದಾರೆ. ಸ್ಪೋರ್ಟ್ಸ್ ಕಾರಿನ ಸ್ಟಡ್ಡು, ಬೋಲ್ಟು ಕೆಲವು ಸಲ ಬೇರೆ ಇರುತ್ತೆ, ಹಾಗಾಗಿ ನಿಮ್ಮದು ಮನೆ ಬಳಕೆ ಗಾಡಿ ಆದ್ರೆ ಮೋರಿಸ್ ಆಕ್ಸ್‌ಫರ್ಡ್ ಬುಕ್ಕಿಗೇ ಮೊದಲ ಮಣೆ, ಎಂಜಿ ಬುಕ್ ಬರೀ ಹೋಲಿಸಿ ನೋಡೋಕೆ. ಜೀಪಿನ ಹರಿಕೇನ್ ಇಂಜಿನ್ನಿಗೆ ವಿಲ್ಲಿಸ್ ಬುಕ್ಕಲ್ಲಿ ಹೆಡ್ 60ರಿಂದ 70, ಮೈನ್ 65ರಿಂದ 75, ಕನೆಕ್ಟಿಂಗ್ ರಾಡ್ 35ರಿಂದ 45 ಪೌಂಡ್-ಅಡಿ. ಹೀಗೆ ಇಷ್ಟರಿಂದ ಇಷ್ಟು ಅಂತ ಕೊಟ್ಟಾಗ ನಾನಾದ್ರೆ ಎಲ್ಲಾ ಬೋಲ್ಟಿಗೂ ನಡುಮಧ್ಯದ ಒಂದೇ ನಂಬರ್ ಇಟ್ಕೋತೀನಿ. ಒಂದಕ್ಕೆ 60 ಇನ್ನೊಂದಕ್ಕೆ 70 ಮಾಡಿದ್ರೆ ಬುಕ್ ಪ್ರಕಾರ ತಪ್ಪಿಲ್ಲ, ಆದ್ರೆ ಹೆಡ್ಡು ಸಮನಾಗಿ ಕೂರಲ್ಲ.

ಆ ಜೀಪ್ ಇಂಜಿನ್ನಲ್ಲಿ ಒಂದು ಚೇಷ್ಟೆ ಇದೆ ಹೇಳ್ಬಿಡ್ತೀನಿ. ಒಂದು ಹೆಡ್ ಬೋಲ್ಟು ಕಾರ್ಬೊರೇಟರ್ ಕೂರೋ ತೂತಿನ ಒಳಗೆ ಅಡಗಿ ಕೂತಿರುತ್ತೆ. ಕಾರ್ಬೊರೇಟರ್ ಕೂರಿಸಿದ್ಮೇಲೆ ಅದು ಕಾಣೋದೇ ಇಲ್ಲ. ಬುಕ್ಕಿನ ಚಿತ್ರ ನೋಡಿ ಎಣಿಸ್ದೆ ಮೇಲ್ಗಡೆ ಕಾಣೋದಷ್ಟೇ ಟೈಟ್ ಮಾಡಿ ಗಾಡಿ ಸ್ಟಾರ್ಟ್ ಮಾಡಿದ್ರೆ ಹೆಡ್ ಪ್ಯಾಕಿಂಗ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್) ಉಳಿಯಲ್ಲ.

ಒಣ ನಂಬರಾ, ಎಣ್ಣೆ ನಂಬರಾ?

ಇದನ್ನ ಯಾಕೆ ಬೇರೆಯಾಗಿ ಹೇಳ್ತಿದೀನಿ ಅಂದ್ರೆ, ಟಾರ್ಕ್ ಅನ್ನೋದು ನಾವು ಅಳೆಯೋಕೆ ಆಗೋದು, ನಮಗೆ ನಿಜವಾಗ್ಲೂ ಬೇಕಿರೋದು ಬೋಲ್ಟು ಒಂಚೂರು ಹಿಗ್ಗಿ ಸ್ಪ್ರಿಂಗ್ ತರ ಎಳೆದು ಹಿಡ್ಕೊಳ್ಳೋ ಬಲ. ನಾವು ಹಾಕೋ ಟಾರ್ಕಲ್ಲಿ ಹೆಚ್ಚುಕಮ್ಮಿ 90 ಪರ್ಸೆಂಟು ತಲೆ ಕೆಳಗಿನ ಘರ್ಷಣೆಗೆ, ಥ್ರೆಡ್ಡಿನ ಘರ್ಷಣೆಗೆ ಹೋಗ್ಬಿಡುತ್ತೆ, ಉಳಿದ ಹತ್ತು ಪರ್ಸೆಂಟೇ ಬೋಲ್ಟನ್ನ ಎಳೆಯೋದು. ಥ್ರೆಡ್ಡಲ್ಲಿ ತುಕ್ಕು ಇದ್ರೆ ಆ ಹತ್ತೂ ಸಿಗಲ್ಲ, ರೆಂಚು ನಂಬರ್ ಮುಟ್ತು ಅಂತ ಕ್ಲಿಕ್ ಅನ್ನುತ್ತೆ, ಬೋಲ್ಟು ಮಾತ್ರ ಲೂಸೇ. ಉಲ್ಟಾ, ಒಣ ಥ್ರೆಡ್ಡಿಗೆ ಅಂತ ಕೊಟ್ಟಿರೋ ನಂಬರಿಗೆ ನೀವು ಗ್ರೀಸು ಮೆತ್ತಿ ಎಳೆದ್ರೆ ಬೋಲ್ಟು ಲೆಕ್ಕಕ್ಕಿಂತ ಜಾಸ್ತಿ ಹಿಗ್ಗುತ್ತೆ.

ಆ ಕಾಲದ ಇಂಜಿನ್ ಬುಕ್ಕುಗಳಲ್ಲಿ ಒಳಗಿನ ಬೋಲ್ಟುಗಳಿಗೆ ಸಾಮಾನ್ಯವಾಗಿ ಶುಭ್ರವಾಗಿ ತೊಳೆದು ಇಂಜಿನ್ ಆಯಿಲ್ ತೆಳ್ಳಗೆ ಸವರಿದ ಥ್ರೆಡ್ಡೇ ಲೆಕ್ಕ, ಬುಕ್ ಬೇರೆ ಹೇಳಿದ್ರೆ ಬುಕ್ ಹೇಳಿದ್ದೇ ಸರಿ. ತೂತುಗಳ ಒಳಗೂ ಸರಿಯಾದ ಸೈಜಿನ ಟ್ಯಾಪ್ ಒಂದು ಸಲ ಮೆತ್ತಗೆ ಓಡಿಸಿ, ಗಾಳಿ ಹೊಡೆದು ಕ್ಲೀನ್ ಮಾಡಿ. ಆರ್‌ಪಾರ್ ಇಲ್ದೇ ಇರೋ, ಅಂದ್ರೆ ತಳ ಮುಚ್ಚಿರೋ ತೂತಲ್ಲಿ ಎಣ್ಣೆನೋ ನೀರೋ ನಿಂತಿದ್ರೆ ಬೋಲ್ಟ್ ಇಳಿಸೋವಾಗ ಅದು ಹೋಗೋಕೆ ಜಾಗ ಇಲ್ದೆ ಬ್ಲಾಕನ್ನೇ ಸೀಳಿಬಿಡುತ್ತೆ. ಹಳೇ ಎರಕದ ಬ್ಲಾಕ್ ಬಿರುಕು ಬಿಟ್ರೆ ಎಲ್ಲಿಂದ ತರ್ತೀರಾ.

ಹೆಡ್ಡಿಗೋ ರಾಡಿಗೋ ಈಗಿನ ಕಾಲದ ಸ್ಪೆಷಲ್ ಸ್ಟಡ್ಡು ಬೋಲ್ಟು ತರಿಸಿದ್ರೆ ಹಳೇ ಬುಕ್ಕಿನ ನಂಬರ್ ಬಿಟ್ಹಾಕಿ, ಆ ಬೋಲ್ಟ್ ಮಾಡಿದವರು ಡಬ್ಬೀಲಿ ಕೊಟ್ಟಿರೋ ಚೀಟಿ ನೋಡಿ. ಅವರು ಹೇಳಿದ ಲೂಬ್ರಿಕಂಟೇ ಹಚ್ಚಿ. ಹೆಡ್ ಪ್ಯಾಕಿಂಗಿಗೂ ಇದೇ ಮಾತು.

ನಂಬರ್ ಸಿಗಲೇ ಇಲ್ಲ ಅಂದ್ರೆ

ಆವಾಗ ಬೋಲ್ಟನ್ನೇ ಕೇಳ್ಬೇಕು. ವರ್ನಿಯರ್ ಕ್ಯಾಲಿಪರ್, ಥ್ರೆಡ್ ಗೇಜ್ ಎರಡಿದ್ರೆ ಸಾಕು. ದಪ್ಪ ಅಳೆಯಿರಿ, ಥ್ರೆಡ್ಡಿನ ಹಲ್ಲು ಎಣಿಸಿ. ಮುಂದೆ ಬರೋ ಯುಎನ್‌ಎಫ್, ಯುಎನ್‌ಸಿ, ಬಿಎಸ್‌ಎಫ್, ವಿಟ್‌ವರ್ತ್ ಅನ್ನೋದೆಲ್ಲಾ ಇಂಚಿನ ಥ್ರೆಡ್ಡಿನ ಬೇರೆ ಬೇರೆ ಪದ್ಧತಿಗಳ ಹೆಸರು. 9.5 ಮಿಲಿಮೀಟರ್ ಬಂತು ಅಂದ್ರೆ ಅದು 3/8 ಇಂಚು, ಇಂಚಿಗೆ 24 ಹಲ್ಲಿದ್ರೆ ಯುಎನ್‌ಎಫ್, 20 ಇದ್ರೆ ಬಿಎಸ್‌ಎಫ್, 16 ಇದ್ರೆ ಯುಎನ್‌ಸಿನೂ ಇರಬಹುದು ವಿಟ್‌ವರ್ತೂ ಇರಬಹುದು, ಎರಡೂ ಒಂದಕ್ಕೊಂದು ಹತ್ತಿಕೊಳ್ಳುತ್ತೆ ಆದ್ರೆ ಹಲ್ಲಿನ ಕೋನ ಬೇರೆ, ಒಂದು 60 ಡಿಗ್ರಿ ಇನ್ನೊಂದು 55. ಇನ್ನೂ ತಮಾಷೆ ಅಂದ್ರೆ ಆ ಕಾಲದ ಕೆಲವು ಮೋರಿಸ್ ಮತ್ತೆ ಎಂಜಿ ಇಂಜಿನ್‌ಗಳಲ್ಲಿ ಥ್ರೆಡ್ಡು ಮೆಟ್ರಿಕ್ಕು, ಬೋಲ್ಟಿನ ತಲೆ ಮಾತ್ರ ವಿಟ್‌ವರ್ತ್ ಸೈಜು. ಪಾನಾ ಕೂತ್ಕೊಳ್ತು ಅಂತ ಥ್ರೆಡ್ ಅದೇ ಅಂದ್ಕೊಳ್ಳೋ ಹಾಗಿಲ್ಲ.

ಆಮೇಲೆ ತಲೆ ಮೇಲಿನ ಗುರುತು. ಅಮೆರಿಕನ್ ಬೋಲ್ಟಲ್ಲಿ ಮೂರು ಗೆರೆ ಇದ್ರೆ ಗ್ರೇಡ್ 5, ಆರು ಗೆರೆ ಇದ್ರೆ ಗ್ರೇಡ್ 8, ಏನೂ ಇಲ್ದೇ ಬೋಳಾಗಿದ್ರೆ ಸಾಧಾರಣ ಕಬ್ಬಿಣ. ಮೆಟ್ರಿಕ್ಕಲ್ಲಿ 8.8, 10.9 ಅಂತ ಬರೆದಿರುತ್ತೆ. ದಪ್ಪ, ಹಲ್ಲು, ಗ್ರೇಡ್ ಮೂರೂ ಸಿಕ್ಕಿದ್ಮೇಲೆ ಸಾಮಾನ್ಯ ಚಾರ್ಟ್ ನೋಡ್ಬಹುದು: 8.8 ಗ್ರೇಡಿನ 8 ಎಂಎಂ ಬೋಲ್ಟಿಗೆ ಸುಮಾರು 25 ನ್ಯೂಟನ್-ಮೀಟರ್, 10 ಎಂಎಂಗೆ ಸುಮಾರು 50. ಇದು ಕಬ್ಬಿಣದೊಳಗೆ ಹೋಗೋ ಬೋಲ್ಟಿಗೆ. ಪದ್ಮಿನಿ ಹೆಡ್ ಅಲ್ಯೂಮಿನಿಯಮ್ಮು, ಅದರೊಳಗೆ ಹೋಗೋ ಸಣ್ಣ ಬೋಲ್ಟಿಗೆಲ್ಲಾ ಚಾರ್ಟ್ ನಂಬರಿಗಿಂತ ಕೆಳಗೇ ನಿಲ್ಲಿ, ಇಲ್ಲಾಂದ್ರೆ ಥ್ರೆಡ್ ಬೋಲ್ಟ್ ಜೊತೆ ಹೊರಗೆ ಬರುತ್ತೆ.

ಆದ್ರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಚಾರ್ಟ್ ಇರೋದು ವಾಟರ್ ಪಂಪು, ಮ್ಯಾನಿಫೋಲ್ಡು, ಬ್ರಾಕೆಟ್ಟು, ಕವರು ಇಂಥವಕ್ಕೆ. ಮೈನ್ ಬೇರಿಂಗು, ಬಿಗ್ ಎಂಡು, ಫ್ಲೈವೀಲು, ಹೆಡ್ಡು ಈ ನಾಲ್ಕಕ್ಕೆ ಚಾರ್ಟ್ ನೋಡಿ ಅಂದಾಜು ಹಾಕ್ಬೇಡಿ. ಅದೇ ಇಂಜಿನ್ನಿನ ಬುಕ್ಕು ಸಿಗೋವರೆಗೂ ಕಾಯಿರಿ, ಕ್ಲಬ್ಬಿನವರನ್ನ ಕೇಳಿ, ಬೆಂಗಳೂರಲ್ಲಿ ವಿಂಟೇಜ್ ಗಾಡಿ ಇಟ್ಕೊಂಡಿರೋರು ಬೇಕಾದಷ್ಟು ಜನ ಇದಾರೆ, ಬುಕ್ಕಿನ ಪೇಜ್ ಫೋಟೋ ಕಳಿಸಿ ಅಂತ ಕೇಳಿದ್ರೆ ಇಲ್ಲ ಅನ್ನಲ್ಲ. ಬಾಯಲ್ಲಿ ಹೇಳೋ ನಂಬರ್ ಬೇಡ, ಪೇಜ್ ಫೋಟೋನೇ ಬೇಕು ಅನ್ನಿ. ಬಿಚ್ಚೋವಾಗ ಎಷ್ಟು ಜೋರು ಬೇಕಾಯ್ತೋ ಅಷ್ಟೇ ಟೈಟ್ ಮಾಡೋಣ ಅಂತ ಕೆಲವರು ಐಡಿಯಾ ಕೊಡ್ತಾರೆ, ಅದು ತುಕ್ಕಿನ ಲೆಕ್ಕ, ಬೋಲ್ಟಿನ ಲೆಕ್ಕ ಅಲ್ಲ.

ರೆಂಚು ನಿಜ ಹೇಳ್ತಿದೆಯಾ?

ಸರಿಯಾದ ನಂಬರ್ ಹುಡುಕಿ, ತಪ್ಪು ತೋರಿಸೋ ರೆಂಚಲ್ಲಿ ಟೈಟ್ ಮಾಡಿದ್ರೆ ಪಟ್ಟ ಪಾಡೆಲ್ಲಾ ವೇಸ್ಟು. ಮುಳ್ಳು ಇರೋ ಬೀಮ್ ತರದ ರೆಂಚು ಕಮ್ಮಿ ದುಡ್ಡಿಗೆ ಸಿಗುತ್ತೆ, ಕೆಡೋದೂ ಕಮ್ಮಿ. ಕ್ಲಿಕ್ ರೆಂಚು ಸುಲಭ, ಆದ್ರೆ ಕೆಲಸ ಆದ್ಮೇಲೆ ಸ್ಪ್ರಿಂಗ್ ಕೆಳಗಿನ ಗೆರೆಗೆ ಇಳಿಸಿ ಇಡ್ಬೇಕು, ಅದರಲ್ಲಿ ಬೋಲ್ಟ್ ಬಿಚ್ಚೋಕೆ ಹೋಗ್ಬಾರ್ದು, ಗ್ಯಾರೇಜಲ್ಲಿ ಯಾರಾದ್ರೂ ಹುಡುಗ ಅದನ್ನೇ ಎತ್ಕೊಂಡು ವೀಲ್ ನಟ್ ಬಿಚ್ತಿದ್ರೆ ಅಲ್ಲೇ ಬೈದುಬಿಡಿ. ಆ ರೆಂಚ್‌ಗಳಿಗೆ 12 ತಿಂಗಳಿಗೆ ಒಂದು ಸಲ ಅಥವಾ 5000 ಸಲ ಬಳಸಿದ್ಮೇಲೆ ಕ್ಯಾಲಿಬ್ರೇಷನ್ ಮಾಡಿಸ್ಬೇಕು ಅಂತ ರೂಢಿ, ಪೀಣ್ಯ ಕಡೆ ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬ್‌ಗಳಿಗೆ ಕೊಟ್ರೆ ಸರ್ಟಿಫಿಕೇಟ್ ಕೊಡ್ತಾರೆ.

ಅಲ್ಲಿವರೆಗೂ ಮನೇಲೇ ಒಂದು ಅಂದಾಜು ಪರೀಕ್ಷೆ ಇದೆ. ರೆಂಚಿನ ಚೌಕ ಮೂತಿನ ವೈಸಲ್ಲಿ ಕಚ್ಚಿಸಿ, ರೆಂಚು ನೆಲಕ್ಕೆ ಸಮವಾಗಿ ಅಡ್ಡ ನಿಲ್ಲೋ ಹಾಗೆ ಮಾಡಿ. ಚೌಕದ ನಡುಮಧ್ಯದಿಂದ ಹಿಡಿಯ ಮಧ್ಯದವರೆಗೂ ಟೇಪ್ ಹಿಡಿದು ಅಳೆಯಿರಿ, 50 ಸೆಂಟಿಮೀಟರ್ ಇದೆ ಅಂತ ಇಟ್ಕೊಳ್ಳಿ. ಮಂಡಿ ಅಂಗಡಿಯಿಂದ ಸೀಲ್ ಇರೋ 10 ಕೆಜಿ ತೂಕದ ಕಲ್ಲು ತಂದು ಆ ಜಾಗಕ್ಕೆ ದಾರ ಕಟ್ಟಿ ನೇತುಹಾಕಿ. 10 ಕೆಜಿ ಇಂಟು ಅರ್ಧ ಮೀಟರ್, 5 ಕೆಜಿ-ಮೀಟರ್ ಆಯ್ತು, ಅಂದ್ರೆ 36 ಪೌಂಡ್-ಅಡಿ, 49 ನ್ಯೂಟನ್-ಮೀಟರ್. ಬಿಗ್ ಎಂಡಿಗೆ ಬೇಕಾಗೋದೂ ಹೆಚ್ಚುಕಮ್ಮಿ ಇಷ್ಟೇ ಅಲ್ವಾ, ಹಾಗಾಗಿ ಒಳ್ಳೇ ಜಾಗದಲ್ಲೇ ಪರೀಕ್ಷೆ ಆಗುತ್ತೆ. ರೆಂಚಿನ ಸ್ವಂತ ತೂಕನೂ ಒಂಚೂರು ಸೇರುತ್ತೆ, ಅದಕ್ಕೆ ಸ್ವಲ್ಪ ಮುಂಚೆ ಕ್ಲಿಕ್ ಅಂದ್ರೆ ತಪ್ಪು ತಿಳೀಬೇಡಿ. ಆದ್ರೆ 36ಕ್ಕೆ ಇಟ್ಟಿದ್ದು ಕಲ್ಲು ಕಟ್ಟಿದ್ರೂ ಸುಮ್ನೇ ನಿಂತಿದ್ರೆ, ಅಥವಾ 5 ಕೆಜಿಗೇ ಕ್ಲಿಕ್ ಅಂದ್ರೆ ಅದನ್ನ ಮೂಲೆಗೆ ಹಾಕಿ.

ರೆಂಚಿನ ತುದಿಗೆ ಉದ್ದಕ್ಕೆ ಕೊಕ್ಕೆ ತರದ ಅಡಾಪ್ಟರ್ ಹಾಕಿದ್ರೆ ನಂಬರ್ ಬದಲಾಗುತ್ತೆ. ರೆಂಚು 40 ಸೆಂಟಿಮೀಟರ್, ಅಡಾಪ್ಟರ್ 4 ಸೆಂಟಿಮೀಟರ್ ಆದ್ರೆ 70 ಬೇಕಿದ್ದಾಗ 70 ಇಂಟು 40 ಬೈ 44, ಸುಮಾರು 63.6ಕ್ಕೆ ಇಡ್ಬೇಕು. ನೇರವಾಗಿ ಕೆಳಗಿಳಿಯೋ ಎಕ್ಸ್‌ಟೆನ್ಷನ್ ರಾಡಿಗೆ ಈ ಲೆಕ್ಕ ಬೇಡ. ಸಾಕೆಟ್ಟೂ ಇಂಚಿನದ್ದೇ ಇಟ್ಕೊಳ್ಳಿ, 9/16 ಬೋಲ್ಟ್ ತಲೆ 14.3 ಮಿಲಿಮೀಟರ್ ಇರುತ್ತೆ, 14 ಕೂರಲ್ಲ, 15 ಹಾಕಿದ್ರೆ ಮೂಲೆ ಸವೆಸಿಬಿಡುತ್ತೆ.

ಇನ್ನು ಮೇಸ್ತ್ರಿಗಳ ವಿಷಯ. ನಲವತ್ತು ವರ್ಷದಿಂದ ಕೈಯಲ್ಲೇ ಟೈಟ್ ಮಾಡ್ಕೊಂಡು ಬಂದಿರೋ ಸಾಬ್ರಿಗೆ ಹೋಗಿ ನಿಮ್ಮ ಕೈ ಸರಿ ಇಲ್ಲ ಅಂದ್ರೆ ಅವರು ಪಾನಾ ಕೆಳಗಿಟ್ಟು ಎದ್ದು ಹೋಗ್ತಾರೆ, ಹೋಗ್ಲೂಬೇಕು. ಸಣ್ಣ ಬೋಲ್ಟಿಗೆಲ್ಲಾ ಅವರ ಕೈ ನಮ್ಮ ರೆಂಚಿಗಿಂತ ಚೆನ್ನಾಗಿರುತ್ತೆ, ಸಂಪು ಟೈಟ್ ಮಾಡೋಕೆ ಅವರನ್ನೇ ಬಿಡಿ. ಬೇರಿಂಗಿಗೆ ಮಾತ್ರ "ಅಣ್ಣ, ನೀವು ಅರ್ಧ ಟೈಟ್ ಮಾಡಿ, ಕೊನೇ ಸುತ್ತು ಈ ರೆಂಚಲ್ಲಿ ಹಾಕೋಣ, ನಾನು ಬರ್ಕೋತೀನಿ" ಅಂದ್ರೆ ಯಾರೂ ಬೇಜಾರ್ ಮಾಡ್ಕೊಳಲ್ಲ.

ಟೈಟ್ ಮಾಡೋ ದಿನ

ಎಲ್ಲಾ ನಂಬರೂ ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ: ಯಾವ ಬೋಲ್ಟು, ಎಷ್ಟು, ಯಾವ ಯೂನಿಟ್ಟು, ಎಣ್ಣೆ ಬೇಕಾ, ಯಾವ ಬುಕ್ಕಿನ ಎಷ್ಟನೇ ಪೇಜು. ರೆಂಚಿನ ಸ್ಕೇಲಿಗೇ ಮೊದಲೇ ಬದಲಾಯಿಸಿ ಬರೆದಿರಿ, ಕೈಯೆಲ್ಲಾ ಎಣ್ಣೆ ಆಗಿರೋವಾಗ ಫೋನಲ್ಲಿ ಲೆಕ್ಕ ಮಾಡೋ ಕಷ್ಟ ಬೇಡ.

ಒಂದೇ ಎಳೆತಕ್ಕೆ ಪೂರ್ತಿ ನಂಬರಿಗೆ ಹೋಗ್ಬೇಡಿ, ಮೂರು ಸುತ್ತಲ್ಲಿ ಹೋಗಿ. 70 ಬೇಕಿದ್ರೆ ಮೊದಲು 30, ಆಮೇಲೆ 50, ಆಮೇಲೆ 70. ಹೆಡ್ಡಾದ್ರೆ ಬುಕ್ಕಲ್ಲಿರೋ ಆರ್ಡರಲ್ಲಿ, ಸಾಮಾನ್ಯವಾಗಿ ಮಧ್ಯದಿಂದ ಹೊರಕ್ಕೆ. ಮೈನ್ ಕ್ಯಾಪ್ ಒಂದೊಂದು ಟೈಟ್ ಮಾಡಿದ ಮೇಲೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗ್ತಿದ್ದಿದ್ದು ಯಾವುದೋ ಒಂದು ಕ್ಯಾಪ್ ಆದ್ಮೇಲೆ ಹಿಡ್ಕೊಂಡ್ರೆ ತೊಂದರೆ ಆ ಕ್ಯಾಪಲ್ಲೇ ಇದೆ, ಅಲ್ಲೇ ಗೊತ್ತಾಯ್ತಲ್ಲ. ಕೊನೇ ಎಳೆತ ನಿಧಾನವಾಗಿ, ನಿಲ್ಲಿಸ್ದೆ, ಒಂದೇ ಸಮನೆ ಇರ್ಲಿ. ಕ್ಲಿಕ್ ಅಂದ್ಮೇಲೆ ಇನ್ನೊಂದು ಸಲ ಕ್ಲಿಕ್ ಅನ್ನಿಸೋ ಚಟ ಬಿಡಿ. ಆದ ಬೋಲ್ಟಿನ ತಲೆ ಮೇಲೆ ಬಣ್ಣದ ಗೆರೆ ಎಳೀರಿ, ಯಾರಾದ್ರೂ ಮಧ್ಯದಲ್ಲಿ ಕಾಫಿಗೆ ಕರೆದ್ರೂ ಎಲ್ಲಿಗೆ ನಿಲ್ಲಿಸಿದ್ವಿ ಅಂತ ಗೊತ್ತಾಗುತ್ತೆ.

ಕಿರೀಟದ ತರ ಕಚ್ಚು ಇರೋ ನಟ್ಟಿಗೆ ಸ್ಪ್ಲಿಟ್ ಪಿನ್ ಹಾಕೋದಾದ್ರೆ ಟಾರ್ಕ್ ಆದ್ಮೇಲೆ ತೂತು ಎದುರಾಗ್ಲಿಲ್ಲ ಅಂತ ಹಿಂದಕ್ಕೆ ಲೂಸ್ ಮಾಡ್ಬೇಡಿ. ಬುಕ್ಕಲ್ಲಿ ಇಷ್ಟರಿಂದ ಇಷ್ಟು ಅಂತ ಇದ್ರೆ ಕೆಳಗಿನ ನಂಬರಿಂದ ಶುರು ಮಾಡಿ, ಮೇಲಿನ ನಂಬರ್ ಒಳಗೆ ತೂತು ಎದುರಾಗೋವರೆಗೂ ಮುಂದಕ್ಕೇ ಹೋಗಿ. ಆಗ್ಲಿಲ್ವಾ, ನಟ್ಟು ಅದಲು ಬದಲು ಮಾಡಿ ನೋಡಿ. ಬಿಚ್ಚಿದ ಲಾಕ್ ಪ್ಲೇಟ್‌ಗಳನ್ನ ಸುತ್ತಿಗೇಲಿ ತಟ್ಟಿ ನೆಟ್ಟಗೆ ಮಾಡಿ ವಾಪಸ್ ಹಾಕೋ ಉಳಿತಾಯ ಬೇಡ, ಹೊಸದಕ್ಕೆ ಎಷ್ಟು ಮಹಾ ಆಗುತ್ತೆ.

ಇಂಜಿನ್ ಗಾಡಿಗೆ ಕೂರಿಸಿ ಓಡಿದ್ಮೇಲೆ ಹೆಡ್ಡನ್ನ ಇನ್ನೊಂದು ಸಲ ನೋಡೋದಿದೆ, ಪ್ಯಾಕಿಂಗ್ ಅದುಮಿ ಕೂತ ಮೇಲೆ ನಟ್ಟುಗಳು ಸಡಿಲ ಆಗಿರ್ತವೆ. ಬಿಸಿ ಇರೋವಾಗ್ಲಾ ತಣ್ಣಗಾದ್ಮೇಲಾ ಅನ್ನೋದು ಬುಕ್ಕಲ್ಲಿರುತ್ತೆ, ಪ್ಯಾಕಿಂಗ್ ಕಂಪನಿ ರೀಟಾರ್ಕ್ ಬೇಡ ಅಂತ ಬರೆದಿದ್ರೆ ಬೇಡ. ಬಿ-ಸೀರೀಸಲ್ಲಿ ಕೆಲವು ಹೆಡ್ ನಟ್ಟುಗಳೇ ರಾಕರ್ ಶಾಫ್ಟನ್ನೂ ಹಿಡ್ಕೊಂಡಿರ್ತವೆ, ಹಾಗಾಗಿ ಹೆಡ್ ಮತ್ತೆ ಟೈಟ್ ಮಾಡಿದ್ಮೇಲೆ ಟ್ಯಾಪೆಟ್ ಗ್ಯಾಪ್ ಬದಲಾಗಿರುತ್ತೆ. 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ) ಫೀಲರ್ ಗೇಜ್ ಹಾಕಿ ಎಂಟೂ ವಾಲ್ವ್ ಮತ್ತೆ ಚೆಕ್ ಮಾಡಿ, ಆಮೇಲೆ ರಾಕರ್ ಕವರ್ ಮುಚ್ಚಿ. ಕವರಿನ ನಟ್ಟು ಮೆತ್ತಗೆ, ಅದನ್ನ ಜೋರಾಗಿ ತಿರುಗಿಸಿದ್ರೆ ತಗಡು ಬಗ್ಗಿ ಆಯಿಲ್ ಸೋರೋದು ಜಾಸ್ತಿ ಆಗುತ್ತೇ ಹೊರತು ಕಮ್ಮಿ ಆಗಲ್ಲ.